ಪದ್ಮಿನಿಯ ಫ್ಲೈವೀಲ್ ಹಗುರ ಮಾಡುವುದು: ಎಷ್ಟು ಎನ್ನುವುದಕ್ಕಿಂತ ಎಲ್ಲಿಂದ

ನಮ್ಮ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಫ್ಲೈವೀಲನ್ನು, ಅಂದರೆ ಎಂಜಿನ್ನಿನ ಜೊತೆ ತಿರುಗುವ ಭಾರದ ಗಾಲಿಯನ್ನು, ದಾವಣಗೆರೆಯ ಕಿರಾಣಿ ಅಂಗಡಿಯೊಂದರ ತಕ್ಕಡಿಯ ಮೇಲೆ ಇಟ್ಟಾಗ ಅಂಗಡಿಯವರು ‘ಇದು ಕೆ.ಜಿ.ಗೆ ಎಷ್ಟು ಸ್ವಾಮಿ?’ ಎಂದು ನಕ್ಕರು. ಲೇತಿಗೆ ಕೊಡುವ ಮೊದಲು ತೂಗಿದ್ದಕ್ಕಿಂತ ಸರಿಯಾಗಿ ಒಂದು ಕೆ.ಜಿ. ಇಳಿದಿತ್ತು. ಹಿಗ್ಗಿನಿಂದ ಕೂರಿಸಿ ಓಡಿಸಿದೆ. ಕಾರಿನ ನಡಿಗೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಟರ್ನರ್ ತನಗೆ ಸುಲಭವಾದ ಕಡೆ, ಅಂದರೆ ನಡುಭಾಗದಲ್ಲಿ, ಕಬ್ಬಿಣ ತೆಗೆದಿದ್ದ. ಅಲ್ಲಿ ಮುಟ್ಟಬೇಡ ಎನ್ನಲು ನನಗೂ ಆಗ ತಿಳಿದಿರಲಿಲ್ಲ. ಬೋಲ್ಟುಗಳ ಸುತ್ತ ತೆಳುವಾದ ಆ ಫ್ಲೈವೀಲ್ ಕೊನೆಗೆ ಗುಜರಿಗೆ ಹೋಯಿತು.

ಬೀಸುವ ಕಲ್ಲು ತಿರುಗಿಸಿದವರಿಗೆ ಫ್ಲೈವೀಲ್ ಏನೆಂದು ವಿವರಿಸಬೇಕಿಲ್ಲ. ಶುರುವಿನಲ್ಲಿ ಕೈ ಸೋಲುತ್ತದೆ, ವೇಗ ಹಿಡಿದ ಮೇಲೆ ಕಲ್ಲು ತಾನೇ ಸುತ್ತುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಮಾತ್ರ ಬಲ ಕೊಡುತ್ತದೆ. ನಡುವಿನ ಬಿಡುವಿನಲ್ಲಿ ಕ್ರ್ಯಾಂಕನ್ನು, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡವನ್ನು, ಮುಂದೆ ದೂಡುವುದು ಈ ಕಬ್ಬಿಣದ ಗಾಲಿ. ಅದು ಭಾರವಿದ್ದಷ್ಟೂ ಎಂಜಿನ್ ಮೆತ್ತಗೆ, ಕುಲುಕದೆ ಓಡುತ್ತದೆ, ಆದರೆ ಆಕ್ಸಿಲರೇಟರ್ ಒತ್ತಿದಾಗ ಏಳಲು ಸೋಮಾರಿತನ ಮಾಡುತ್ತದೆ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಶುರುವಾಗಿ ಮುಂದೆ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡ ಈ ಕಾರಿನದು 1089 ಸಿ.ಸಿ.ಯ ಸಣ್ಣ ಎಂಜಿನ್. ಅದರ ಹೆಗಲಿನಿಂದ ತುಸು ಹೊರೆ ಇಳಿಸಿದರೂ ಗೊತ್ತಾಗುತ್ತದೆ, ಸರಿಯಾದ ಜಾಗದಿಂದ ಇಳಿಸಿದರೆ.

ಆ ಜಾಗ ಯಾವುದು? ತಿರುಗುವ ವಸ್ತುವಿನ ಜಡತ್ವ ತೂಕಕ್ಕೆ ತಕ್ಕಂತೆ ಏರುತ್ತದೆ, ಆದರೆ ನಡುವಿನಿಂದ ಇರುವ ದೂರದ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ನಡುವಿನಿಂದ 12 ಸೆಂ.ಮೀ. ದೂರದಲ್ಲಿ ತೆಗೆದ ಒಂದು ಕೆ.ಜಿ. 6 ಸೆಂ.ಮೀ. ದೂರದಲ್ಲಿ ತೆಗೆದ ನಾಲ್ಕು ಕೆ.ಜಿ.ಗೆ ಸಮ. ಮೊದಲ ಗೇರಿನಲ್ಲಿ ಎಂಜಿನ್ 16 ಸುತ್ತು ಸುತ್ತಿದಾಗ ಕಾರಿನ ಗಾಲಿ ಒಂದು ಸುತ್ತು ಸುತ್ತುತ್ತದೆ, ಗಾಲಿಯ ತ್ರಿಜ್ಯ 30 ಸೆಂ.ಮೀ. ಎಂದು ಇಟ್ಟುಕೊಂಡು ಲೆಕ್ಕ ಹಾಕಿ. ಅಂಚಿನಿಂದ ತೆಗೆದ ಆ ಒಂದು ಕೆ.ಜಿ., ವೇಗ ಏರಿಸುವಾಗ ಕಾರಿನಿಂದ ಸುಮಾರು 40 ಕೆ.ಜಿ. ಇಳಿಸಿದ್ದಕ್ಕೆ ಸಮನಾಗುತ್ತದೆ. ನಡುಭಾಗದಿಂದ ತೆಗೆದರೆ ಬರಿಯ 10. ಟಾಪ್ ಗೇರಿನಲ್ಲಿ ಎಂಜಿನ್ನಿನ ನಾಲ್ಕು ಸುತ್ತಿಗೆ ಗಾಲಿಯ ಒಂದು ಸುತ್ತು ಎಂದುಕೊಂಡರೆ ಅಂಚಿನ ಕೆ.ಜಿ.ಯ ಬೆಲೆಯೂ ಎರಡೂವರೆ ಕೆ.ಜಿ.ಗೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲೇ ಚಿತ್ರದುರ್ಗಕ್ಕೆ ಹೋಗಿ ಬರುವವರು ಈ ಕೆಲಸಕ್ಕೆ ದುಡ್ಡು ಸುರಿಯಬೇಕಿಲ್ಲ. ಎಂಜಿನ್ನಿನ ಶಕ್ತಿ ಇದರಿಂದ ಹೆಚ್ಚುವುದಿಲ್ಲ ಎಂಬುದೂ ನೆನಪಿರಲಿ.

ಕಳಚುವುದು

ಕ್ಲಚ್ ಪ್ಲೇಟ್ ಸವೆದು ಹೇಗೂ ಗೇರ್‌ಬಾಕ್ಸ್ ಇಳಿಸಬೇಕಾದಾಗಲೇ ಇದನ್ನು ಮಾಡಿ. ಮೂಲ ಫ್ಲೈವೀಲನ್ನು ಮುಟ್ಟದೆ ಎತ್ತಿಡಿ, ಗುಜರಿಯಲ್ಲಿ ಅದೇ ಅಳತೆಯ ಇನ್ನೊಂದನ್ನು ಹುಡುಕಿ. ಬ್ಯಾಟರಿಯ ತಂತಿ ಬಿಡಿಸಿ, ಕಾರನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಬರಿಯ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಹಿಂದಿನ ಗಾಲಿಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತೆಗೆದು ಗೇರ್‌ಬಾಕ್ಸನ್ನು ಹಿಂದಕ್ಕೆ ಎಳೆಯುವಾಗ ಅದರ ಭಾರ ಕ್ಲಚ್ ಪ್ಲೇಟಿನ ಮೇಲೆ ಜೋತುಬೀಳದಂತೆ ಕೆಳಗೆ ಇನ್ನೊಂದು ಜಾಕ್ ಕೊಡಿ.

ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಫ್ಲೈವೀಲ್, ಕ್ರ್ಯಾಂಕ್ ಮೂರಕ್ಕೂ ಸೆಂಟರ್ ಪಂಚಿನಿಂದ ಗುರುತು ಹೊಡೆಯಿರಿ. ಕ್ರ್ಯಾಂಕಿನ ಹಿಂಭಾಗದಲ್ಲಿ ಎಣ್ಣೆ ಜಿನುಗಿದ್ದರೆ ಅದನ್ನೂ ಈಗಲೇ ಸರಿಪಡಿಸಿ. ಇಲ್ಲದಿದ್ದರೆ ಹೊಸ ಕ್ಲಚ್ ಪ್ಲೇಟ್ ಎಣ್ಣೆ ಕುಡಿದು ಜಾರುತ್ತದೆ, ಮತ್ತೆ ಇದೇ ಪಡಿಪಾಟಲು.

ಲೇತಿನ ಮೇಲೆ

ಟರ್ನರ್ ಪಕ್ಕದಲ್ಲೇ ನಿಲ್ಲಿ. ಕೆಲಸ ಗೊತ್ತಿರುವವರು ಇದಕ್ಕೆ ಬೇಸರಿಸುವುದಿಲ್ಲ. ಬೀಡಿನ, ಅಂದರೆ ಎರಕದ ಕಬ್ಬಿಣದ, ಫ್ಲೈವೀಲಿನಲ್ಲಿ ಕಬ್ಬಿಣ ತೆಗೆಯಬೇಕಾದದ್ದು ಎಂಜಿನ್ನಿನ ಕಡೆಗಿರುವ ಬೆನ್ನಿನಲ್ಲಿ, ಅಂಚಿನ ಬಳಿ. ಅಂಚಿನ ಸುತ್ತಲ ಹಲ್ಲಿನ ಬಳೆಯಾದ ರಿಂಗ್ ಗೇರ್ ಕೂರುವ ಮೆಟ್ಟಿಲು, ಪ್ರೆಷರ್ ಪ್ಲೇಟಿನ ಬೋಲ್ಟ್ ಇಳಿಯುವ ತೂತುಗಳ ಆಳ, ನಡುವಿನ ಬೋಲ್ಟುಗಳ ಸುತ್ತಲ ದಪ್ಪ ಇವನ್ನು ಬಿಟ್ಟುಬಿಡಿ. ಕ್ಲಚ್ ಉಜ್ಜುವ ಮುಖದಲ್ಲಿ ಗೀರುಗಳಿದ್ದರೆ ಮಟ್ಟ ಮಾಡಿಸಬಹುದು, ಹಗುರ ಮಾಡುವ ನೆಪದಲ್ಲಿ ತೆಳುವಾಗಿಸಬಾರದು. ಕ್ಲಚ್ಚಿನ ಬಿಸಿಯನ್ನು ಹೀರುವುದು ಆ ದಪ್ಪವೇ.

ಕತ್ತರಿಸಿದ ಒಳಮೂಲೆಗಳು ಗುಂಡಗಿರಲಿ. ಚೂಪಾದ ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಕೆಲವರು ಸಾಲಾಗಿ ತೂತು ಕೊರೆಸುತ್ತಾರೆ. ನೋಡಲು ಚೆಂದ, ಬೀಡಿಗೆ ಅಪಾಯ. ನಿಮಿಷಕ್ಕೆ 5000 ಸುತ್ತಿನಲ್ಲಿ 13 ಸೆಂ.ಮೀ. ತ್ರಿಜ್ಯದ ಅಂಚು ಗಂಟೆಗೆ ಸುಮಾರು 245 ಕಿ.ಮೀ. ವೇಗದಲ್ಲಿರುತ್ತದೆ. ಅದು ಒಡೆದರೆ ತುಂಡುಗಳು ತೂರಿ ಬರುವುದು ಚಾಲಕನ ಕಾಲಿನ ಕಡೆಗೆ. ದಿನವೂ ಓಡಿಸುವ ಕಾರಿಗೆ ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ತೆಗೆದರೆ ಸಾಕು ಎಂಬುದು ನನ್ನ ಲೆಕ್ಕ. ಇದಕ್ಕಿಂತ ಹೆಚ್ಚು ಬೇಕೆನ್ನುವವರು ಬೀಡನ್ನು ಕೆತ್ತುವುದು ಬಿಟ್ಟು ಉಕ್ಕಿನದನ್ನು ಮಾಡಿಸಲಿ. ಬಿರುಕು, ಬಿಸಿಗೆ ಕಟ್ಟಿದ ನೀಲಿ ಕಲೆ ಕಂಡ ಫ್ಲೈವೀಲನ್ನು ಲೇತಿಗೆ ಏರಿಸಲೇಬೇಡಿ.

ಸ್ಟಾರ್ಟರಿನ ಹಲ್ಲು ಕಚ್ಚುವ ರಿಂಗ್ ಗೇರನ್ನೂ ಒಮ್ಮೆ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ ಆರಿಸಿದಾಗ ಹೆಚ್ಚುಕಡಿಮೆ ಎದುರುಬದುರಾದ ಎರಡೇ ಜಾಗಗಳಲ್ಲಿ ನಿಲ್ಲುವುದರಿಂದ ಹಲ್ಲು ಸವೆಯುವುದೂ ಆ ಎರಡೇ ಕಡೆ. ರಿಂಗ್ ಬಿಚ್ಚಿದ್ದರೆ ಕಾಲು ಸುತ್ತು ತಿರುಗಿಸಿ ಕೂರಿಸಿ, ಸವೆಯದ ಹಲ್ಲು ಕೆಲಸಕ್ಕೆ ಬರುತ್ತದೆ. ಕೂರಿಸುವ ವಿಧಾನ ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುವಂಥದ್ದೇ: ಕಾಯಿಸಿ ಹಿಗ್ಗಿಸಿ ಇಳಿಬಿಡುವುದು, ಆರಿ ಕುಗ್ಗಿ ಕಚ್ಚಿಕೊಳ್ಳುವುದು. ಒಂದೇ ವ್ಯತ್ಯಾಸವೆಂದರೆ ಇಲ್ಲಿ ನೀರು ಸುರಿಯಬಾರದು, ತಾನಾಗಿ ಆರಬೇಕು. ಕಾವು 200ರಿಂದ 250 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, ಹೊನ್ನಿನ ಬಣ್ಣ ಬಂದರೆ ನಿಲ್ಲಿಸಿ. ನಮ್ಮೂರಿನ ಮಂಡಕ್ಕಿ ಭಟ್ಟಿಯ ಉತ್ಸಾಹದಲ್ಲಿ ಉರಿ ಕೊಟ್ಟರೆ ಹಲ್ಲು ನೀಲಿಯಾಗಿ ಗಡಸುತನ ಕಳೆದುಕೊಳ್ಳುತ್ತದೆ.

ಬ್ಯಾಲೆನ್ಸ್, ಜೋಡಣೆ

ಮೊದಲು ಫ್ಲೈವೀಲನ್ನು ಒಂಟಿಯಾಗಿ, ಆಮೇಲೆ ಪ್ರೆಷರ್ ಪ್ಲೇಟ್ ಜೋಡಿಸಿ ಬ್ಯಾಲೆನ್ಸ್ ಮಾಡಿಸಿ, ಅಂದರೆ ತೂಕ ಸುತ್ತಲೂ ಸಮವಾಗಿರುವಂತೆ ಸರಿಪಡಿಸಿ. ಹತ್ತಿರದಲ್ಲಿ ಯಂತ್ರ ಸಿಗದಿದ್ದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳುಹಿಸಿ, ಈ ಹಂತವನ್ನು ಮಾತ್ರ ದಾಟಿಸಬೇಡಿ. ಇಲ್ಲಿ ಉಳಿಸಿದ ಹಣವನ್ನು ಕ್ರ್ಯಾಂಕಿನ ಬೇರಿಂಗುಗಳಿಗೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಕ್ರ್ಯಾಂಕಿನ ಮುಖವನ್ನು ಒಣಬಟ್ಟೆಯಲ್ಲಿ ಒರೆಸಿ ಬೆರಳಾಡಿಸಿ. ಒಂದು ಮರಳಿನ ಕಣವೂ ಫ್ಲೈವೀಲನ್ನು ಓರೆ ಕೂರಿಸಬಲ್ಲದು. ಹೊಸ ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ, ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದು ತಿರುಗಿಸಿ. ಮುಖದ ಓಲಾಟ 0.1 ಮಿ.ಮೀ. ದಾಟಿದರೆ ಬಿಚ್ಚಿ ಮತ್ತೆ ಒರೆಸಿ. ಕ್ಲಚ್ ಪ್ಲೇಟನ್ನು ನಡುವಿಗೆ ತರಲು ಹಳೆಯ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಒಂದಿದ್ದರೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಉಳಿದದ್ದು ಬಿಚ್ಚಿದ ಕ್ರಮಕ್ಕೆ ಹಿಂದುಮುಂದು.

ಎರಡನೆಯ ಸಲ ಅಂಚಿನಿಂದ ತೆಗೆಸಿದಾಗ ತಕ್ಕಡಿ ತೋರಿಸಿದ್ದು ಮುಕ್ಕಾಲು ಕೆ.ಜಿ.ಯ ಇಳಿಕೆ ಮಾತ್ರ. ಆದರೂ ಎರಡನೇ ಗೇರಿನಲ್ಲಿ ಕಾರು ಮುನ್ನುಗ್ಗುವ ರೀತಿಯೇ ಬದಲಾಗಿತ್ತು. ಅದೇ ದಿನ ಪಿ.ಬಿ. ರಸ್ತೆಯ ಸಿಗ್ನಲುಗಳಲ್ಲಿ ಎಂಜಿನ್ ಮೂರು ಸಲ ನಿಂತೂ ಹೋಯಿತು. ಹಗುರವಾದ ಗಾಲಿಯಲ್ಲಿ ಕೂಡಿಟ್ಟ ಬಲ ಕಡಿಮೆ, ಹಾಗಾಗಿ ಕ್ಲಚ್ ಬಿಡುವಾಗ ಮೊದಲಿಗಿಂತ ತುಸು ಹೆಚ್ಚು ಆಕ್ಸಿಲರೇಟರ್ ಕೊಡಬೇಕು, ಏರಿನಲ್ಲಿ ಹ್ಯಾಂಡ್‌ಬ್ರೇಕಿನ ಸಹಾಯ ಪಡೆಯಬೇಕು. ಆಕ್ಸಿಲರೇಟರ್ ಒತ್ತದಿದ್ದಾಗಿನ ವೇಗ ಹೊಂದಿಸುವ ಕಾರ್ಬ್ಯುರೇಟರಿನ ಐಡಲಿಂಗ್ ಸ್ಕ್ರೂ ಅನ್ನು ಎಂಜಿನ್ ನಿಮಿಷಕ್ಕೆ ನೂರು ಸುತ್ತು ಏರುವಷ್ಟು ತಿರುಗಿಸಿ, ಇಗ್ನಿಷನ್ ಪಾಯಿಂಟುಗಳ ಅಂತರ ನೋಡಿಕೊಳ್ಳಿ. ಮೊದಲ ಒಂದು ವಾರ ಸ್ಕ್ರೂ ಡ್ರೈವರ್ ಕಾರಿನಲ್ಲೇ ಇರಲಿ.