‘ಯಾಕೆ’ ಅಂತ ಕೇಳಬೇಡಿ, ಕಾಗದ ಕೇಳಿ: ಆರ್‌ಟಿಐ ಅರ್ಜಿ ಬರೆಯುವ ಬಗೆ

ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ ಅನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಅವರ ಅರ್ಜಿ ತರಿಸಿ ಓದಿದಾಗಲೆಲ್ಲ ನನಗೆ ಕಾಣುವುದು ಒಂದೇ ತಪ್ಪು. ಹೋದ ಮಳೆಗಾಲದಲ್ಲಿ ಪಕ್ಕದ ಹಳ್ಳಿಯ ರೈತರೊಬ್ಬರು ತಂದ ಅರ್ಜಿಯಲ್ಲಿ ಇದ್ದದ್ದು ಎರಡೇ ಪ್ರಶ್ನೆ: “ನನ್ನ ಜಮೀನಿನ ಪೋಡಿ ಯಾಕೆ ಆಗಿಲ್ಲ? ಯಾವಾಗ ಮಾಡಿಕೊಡುತ್ತೀರಿ?” (ಪೋಡಿ ಅಂದರೆ ಹಲವರ ಹೆಸರಿನ ಸರ್ವೆ ನಂಬರಿನಿಂದ ನಿಮ್ಮ ಭಾಗವನ್ನು ಅಳೆದು ಬೇರೆ ಮಾಡುವುದು.) ಬಂದ ಹಿಂಬರಹವೂ ಒಂದೇ ಸಾಲು: ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಓದಿದರೆ ಸಿಟ್ಟು ಬರುತ್ತದೆ. ಆದರೆ ಆ ಉತ್ತರಕ್ಕೆ ಕಾನೂನಿನ ಬಲ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಕೊಡಿಸುವುದು ಕಚೇರಿಯ ದಾಖಲೆಯಲ್ಲಿ ಈಗಾಗಲೇ ಇರುವುದನ್ನು ಮಾತ್ರ. ನಿಮಗಾಗಿ ಹೊಸದಾಗಿ ಕಾರಣ ಹುಡುಕಿ ಬರೆಯಬೇಕು ಅಂತ ಅದು ಅಧಿಕಾರಿಗೆ ಹೇಳುವುದಿಲ್ಲ. ವಿದ್ಯಾರ್ಥಿಗಳು ತಮ್ಮ ಉತ್ತರ ಪತ್ರಿಕೆ ನೋಡಬಹುದು ಎಂದ 2011ರ ಸಿಬಿಎಸ್‌ಇ ಪ್ರಕರಣದ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಈ ಮಾತನ್ನೂ ಸ್ಪಷ್ಟವಾಗಿ ಹೇಳಿದೆ.

ಮೊದಲು ಯಾರಿಗೆ ಬರೆಯಬೇಕು ಎಂದು ಗೊತ್ತು ಮಾಡಿಕೊಳ್ಳಿ. ಅರ್ಜಿ ಹೋಗಬೇಕಾದದ್ದು ಕಡತ ಇರುವ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಪೋಡಿ ಆದರೆ ತಾಲ್ಲೂಕಿನ ಸರ್ವೆ ಕಚೇರಿ, ಅಂದರೆ ಭೂದಾಖಲೆಗಳ ಸಹಾಯಕ ನಿರ್ದೇಶಕರ (ಎಡಿಎಲ್‌ಆರ್) ಕಚೇರಿ. ತಪ್ಪು ಕಚೇರಿಗೆ ಕೊಟ್ಟರೂ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು ಅಂತ ಕಾಯ್ದೆಯಲ್ಲಿದೆ. ಅದನ್ನು ನಂಬಿಕೊಂಡು ಕೂರಬೇಡಿ, ನೀವೇ ವಿಚಾರಿಸಿ ಸರಿಯಾದ ಜಾಗಕ್ಕೆ ಕೊಡಿ.

ಇನ್ನು ಪ್ರಶ್ನೆ ಬರೆಯುವುದು. ಇಲ್ಲಿ ಸ್ವಲ್ಪ ನಿಧಾನವಾಗಿ ಕೂತು ಯೋಚಿಸಿ. ನಿಮ್ಮ ಕೆಲಸ ಕಚೇರಿಯಲ್ಲಿ ಯಾವ ಯಾವ ಕಾಗದದ ಮೇಲೆ ಗುರುತು ಬಿಟ್ಟಿರುತ್ತದೆ? ಆ ಕಾಗದದ ಪ್ರತಿ ಕೇಳಿ. ಆ ರೈತರ ಎರಡು ಸಾಲನ್ನು ನಾವು ಹೀಗೆ ತಿದ್ದಿ ಬರೆದೆವು:

“ಇಂಥ ಸಂಖ್ಯೆಯ, ಇಂಥ ದಿನಾಂಕದ ನನ್ನ ಪೋಡಿ ಅರ್ಜಿಗೆ ಸಂಬಂಧಿಸಿದ ಕಡತದ ಎಲ್ಲ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ. ಅಳತೆಗೆ ಭೂಮಾಪಕರನ್ನು ನೇಮಿಸಿದ ಆದೇಶದ ಪ್ರತಿ. ಇಂಥ ಅರ್ಜಿಯನ್ನು ಎಷ್ಟು ದಿನದಲ್ಲಿ ಮುಗಿಸಬೇಕು ಎಂದು ತಿಳಿಸುವ ಸುತ್ತೋಲೆಯ ಪ್ರತಿ. ನನ್ನ ಅರ್ಜಿಯ ನಂತರದ ಆರು ತಿಂಗಳಲ್ಲಿ ಬಂದು, ಅಳತೆ ಮುಗಿದಿರುವ ಪೋಡಿ ಅರ್ಜಿಗಳ ಸಂಖ್ಯೆ ಮತ್ತು ದಿನಾಂಕ ಇರುವ ರಿಜಿಸ್ಟರ್ ಪುಟಗಳ ಪ್ರತಿ.”

ನೋಡಿ, ಇದರಲ್ಲಿ ‘ಯಾಕೆ’ ಎಲ್ಲೂ ಇಲ್ಲ. ಆದರೆ ಯಾಕೆ ಆಗಿಲ್ಲ ಅನ್ನುವುದು ಸಿಬ್ಬಂದಿ ಕಡತದಲ್ಲಿ ಬರೆಯುತ್ತಾ ಹೋಗುವ ಟಿಪ್ಪಣಿ ಹಾಳೆಯಲ್ಲೇ ಕಾಣುತ್ತದೆ. ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತು ಎಂದು ತಾರೀಖು ಸಮೇತ ಗೊತ್ತಾಗುತ್ತದೆ. ನಿಮ್ಮ ಹಿಂದೆ ಬಂದವರ ಕೆಲಸ ಮೊದಲು ಆಗಿದೆಯೇ ಅನ್ನುವುದನ್ನು ರಿಜಿಸ್ಟರ್ ಹೇಳುತ್ತದೆ. ಬೇರೆಯವರ ಹೆಸರು, ಫೋನ್ ನಂಬರ್ ಕೇಳಬೇಡಿ. ಅದು ಖಾಸಗಿ ಮಾಹಿತಿ ಎಂದು ಇಡೀ ಅರ್ಜಿಯನ್ನೇ ಪಕ್ಕಕ್ಕಿಡಲು ದಾರಿ ಮಾಡಿಕೊಟ್ಟಂತೆ ಆಗುತ್ತದೆ. ‘ಹತ್ತು ವರ್ಷದ ಎಲ್ಲ ದಾಖಲೆ’ ಅಂತಲೂ ಬರೆಯಬೇಡಿ. ಎಲ್ಲಿಂದ ಎಲ್ಲಿಯವರೆಗೆ ಎಂದು ದಿನಾಂಕ ಹಾಕಿ.

ಬೈಗುಳ, ನಿಮ್ಮ ಕಷ್ಟದ ಕಥೆ, ಯಾರ ಮೇಲೋ ಇರುವ ಅನುಮಾನ ಯಾವುದೂ ಬೇಡ. ಮಾಹಿತಿ ಯಾಕೆ ಬೇಕು ಎಂದು ನೀವು ಹೇಳಬೇಕಾಗಿಯೇ ಇಲ್ಲ. ಕೌಂಟರಿನಲ್ಲಿ ಕೇಳಿದರೂ ಹೇಳಬೇಡಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಪೋಡಿ ಜೊತೆಗೆ ರಸ್ತೆ ವಿಷಯವನ್ನೂ ಸೇರಿಸಿದರೆ ಕೆಡುತ್ತದೆ. ಎರಡು ಅರ್ಜಿ ಹಾಕಿ.

ತಾಲ್ಲೂಕು ಕಚೇರಿ ಎದುರು ಆರ್‌ಟಿಐ ಬರೆದುಕೊಡುತ್ತೇವೆ ಅಂತ ಕೂತವರಿಗೆ ದುಡ್ಡು ಕೊಡಬೇಡಿ. ಎಲ್ಲರಿಗೂ ಒಂದೇ ಅಚ್ಚಿನ ಪ್ರಶ್ನೆ ಬರೆದುಕೊಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಳಿ ಹಾಳೆ ಸಾಕು, ಕನ್ನಡದಲ್ಲೇ ಬರೆಯಿರಿ. ಬರೆಯಲು ಬಾರದವರಿಗೆ ಬರವಣಿಗೆಯಲ್ಲಿ ಇಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯದೇ ಕರ್ತವ್ಯ.

ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದರೆ ಅದರ ಜೆರಾಕ್ಸ್ ಲಗತ್ತಿಸಿ, ಶುಲ್ಕ ಇಲ್ಲ. ಆನ್‌ಲೈನ್‌ನಲ್ಲೂ ಹಾಕಬಹುದು. ನನ್ನನ್ನು ಕೇಳಿದರೆ ಊರಿನ ಕಚೇರಿಗೆ ಕೈಯಾರೆ ಕೊಡುವುದೇ ಮೇಲು. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಅಲ್ಲಿ ತೆಗೆದುಕೊಳ್ಳದಿದ್ದರೆ ವಾದ ಬೇಡ. ಸ್ಪೀಡ್ ಪೋಸ್ಟ್ ಮಾಡಿ, ಶುಲ್ಕಕ್ಕೆ ಪೋಸ್ಟಲ್ ಆರ್ಡರ್ ಇಡಿ, ರಸೀದಿ ಜೋಪಾನ ಮಾಡಿ. ದಿನ ಲೆಕ್ಕ ಶುರುವಾಗುವುದೇ ಅರ್ಜಿ ಅವರಿಗೆ ತಲುಪಿದ ದಿನಾಂಕದಿಂದ, ಅಲ್ವಾ?

ಅವರ ಕೈಗೆ ಅರ್ಜಿ ಸಿಕ್ಕ ದಿನದಿಂದ 30 ದಿನದೊಳಗೆ ಉತ್ತರ ಬರಬೇಕು. ಇಷ್ಟು ಪುಟಕ್ಕೆ ಇಷ್ಟು ದುಡ್ಡು ಕಟ್ಟಿ ಎಂಬ ಪತ್ರ ಬಂದರೆ ಬೇಗ ಕಟ್ಟಿಬಿಡಿ. ಆ ಪತ್ರ ಕಳಿಸಿದಂದಿನಿಂದ ನೀವು ಕಟ್ಟುವವರೆಗಿನ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. 30 ದಿನ ದಾಟಿದ ಮೇಲೆ ಕೊಡುವ ಮಾಹಿತಿಗೆ ಪ್ರತಿಗಳ ಶುಲ್ಕ ಕೇಳುವ ಹಾಗಿಲ್ಲ.

ಉತ್ತರ ಬರಲಿಲ್ಲ ಅಂದರೆ ಬಹಳ ಜನ ಸುಮ್ನೆ ಆಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವಧಿ ಮುಗಿದ ಮೇಲೆ, ಅಥವಾ ಸರಿಯಿಲ್ಲದ ಉತ್ತರ ಕೈಸೇರಿದ ಮೇಲೆ, 30 ದಿನದೊಳಗೆ ಅದೇ ಇಲಾಖೆಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ, ಅಂದರೆ ಮಾಹಿತಿ ಅಧಿಕಾರಿಗಿಂತ ಮೇಲಿನ ಅಧಿಕಾರಿಗೆ ಬರೆಯಿರಿ. ಒಂದು ಪುಟ ಸಾಕು: ಯಾವತ್ತು ಅರ್ಜಿ ಕೊಟ್ಟಿರಿ, ಏನು ಕೇಳಿದಿರಿ, ಏನು ಬಂತು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಸಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ, ಗರಿಷ್ಠ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆಯೋಗದಲ್ಲಿ ಸರದಿ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಹಾಗಾಗಿ ಸೀಲು ಬಿದ್ದ ಮೊದಲ ಪ್ರತಿ, ರಸೀದಿ, ಹಿಂಬರಹ ಎಲ್ಲವನ್ನೂ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಪೋಣಿಸಿಡಿ.