ಹಿತ್ತಲ ತೊಟ್ಟಿಯಲ್ಲಿ ಪಟ್ಟೆ ಬಾಸ್ ಮೀನು: ಎರಡು ಬೇಸಿಗೆ, ಒಂದು ಚಳಿಗಾಲ

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ ನಗರದ ಅಂಚಿನಲ್ಲಿ ನಮ್ಮ ಮನೆ. ಹಿತ್ತಲಲ್ಲಿ 1,100 ಲೀಟರ್ ಹಿಡಿಯುವ ದುಂಡನೆಯ ಪ್ಲಾಸ್ಟಿಕ್ ತೊಟ್ಟಿ ಇದೆ. ಅದರ ಮಗ್ಗುಲಲ್ಲಿ 4 ಅಡಿ ಚೌಕದ, 1 ಅಡಿ ಆಳದ ಎರಡು ಪಾತಿಗಳಿವೆ. ಪಾತಿಯಲ್ಲಿ ಮಣ್ಣಿಲ್ಲ, ಬರೀ ಜಲ್ಲಿ. ಪಂಪು ತೊಟ್ಟಿಯ ನೀರನ್ನು ಪಾತಿಗೆ ಏರಿಸುತ್ತದೆ. ಪಾತಿ ತುಂಬಿದೊಡನೆ ಸೈಫನ್, ಎಂದರೆ ತಾನೇ ನೀರೆಳೆಯುವ ಕೊಳವೆ, ಅದನ್ನು ಗಳಗಳನೆ ತೊಟ್ಟಿಗೆ ಇಳಿಸುತ್ತದೆ. ಮೀನು ಬಿಡುವ ಅಮೋನಿಯವನ್ನು ಜಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಗಿಡ ಉಣ್ಣುತ್ತದೆ. ಅಕ್ವಾಪೋನಿಕ್ಸ್ ಎಂದರೆ ಇಷ್ಟೇ.

ಹೆಚ್ಚಿನವರು ಇದರಲ್ಲಿ ತಿಲಾಪಿಯ ಮೀನು ಸಾಕುತ್ತಾರೆ. ನಮ್ಮಲ್ಲಿ ಜನವರಿಯಲ್ಲಿ ನೀರು 5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ, ತಿಲಾಪಿಯ 10 ಡಿಗ್ರಿಯ ಆಸುಪಾಸಿನಲ್ಲೇ ಸಾಯುತ್ತದೆ. ನೀರು ಬಿಸಿಮಾಡುವ ಖರ್ಚು ನನಗೆ ಬೇಡವಾಗಿತ್ತು. ಹಾಗಾಗಿ ಆರಿಸಿಕೊಂಡದ್ದು ಹೈಬ್ರಿಡ್ ಸ್ಟ್ರೈಪ್ಡ್ ಬಾಸ್. ಸಮುದ್ರದಿಂದ ನದಿಗೆ ಏರಿ ಮೊಟ್ಟೆಯಿಡುವ ಸ್ಟ್ರೈಪ್ಡ್ ಬಾಸ್ ಮತ್ತು ಸಿಹಿನೀರಿನ ವೈಟ್ ಬಾಸ್ ಇವುಗಳ ಮಿಶ್ರತಳಿ ಇದು. 1960ರ ದಶಕದಲ್ಲಿ ಪಕ್ಕದ ಸೌತ್ ಕ್ಯಾರೊಲಿನಾದಲ್ಲಿ ಮೊದಲು ಇದನ್ನು ಮಾಡಿದರು. ಬೆಳ್ಳಿ ಮೈಯ ಮೇಲೆ ಕಪ್ಪು ಗೆರೆಗಳು, ಆದರೆ ಗೆರೆ ಪೂರಾ ಇರುವುದಿಲ್ಲ. ಹೊಟ್ಟೆಯ ಬಳಿ ಕತ್ತರಿಸಿ, ಒಂದೆರಡು ಹುರುಪೆ ಬಿಟ್ಟು, ಮತ್ತೆ ಮುಂದುವರಿಯುತ್ತದೆ. ಮೀನು ಮಿಶ್ರತಳಿಯೇ ಎಂದು ಗುರುತಿಸುವುದು ಈ ಮುರಿದ ಗೆರೆಗಳಿಂದ.

ಈ ಮೀನಿನ ಮರಿಗಳನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಮೊಟ್ಟೆಯೊಡೆದ ಮರಿ ಎಷ್ಟು ಸಣ್ಣದೆಂದರೆ ಅದಕ್ಕೆ ಕಣ್ಣಿಗೆ ಕಾಣದ ಜೀವಿಗಳನ್ನೇ ಉಣಿಸಬೇಕು. ಕಾಳು ಆಹಾರ (ಕಾಳಿನಾಕಾರದ ಸಿದ್ಧ ಮೀನಾಹಾರ) ತಿನ್ನಲು ರೂಢಿಯಾದ ಮರಿಗಳನ್ನೇ ಮರಿಕೇಂದ್ರದಿಂದ ಕೊಳ್ಳಿ. ಅದಕ್ಕೂ ಮೊದಲು ನಿಮ್ಮ ರಾಜ್ಯದ ನಿಯಮ ವಿಚಾರಿಸಿ, ಈ ಮೀನಿನ ವಿಷಯದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕಟ್ಟಳೆ ಬೇರೆ.

ಜಲ್ಲಿಯಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರಲೆಂದು ಮರಿ ತರುವ ಮುಂಚೆ ಆರು ವಾರ ನೀರನ್ನು ಸುಮ್ಮನೆ ಓಡಿಸಿದೆ. ಅಮೋನಿಯ ಹಾಕುವುದು, ದಿನವೂ ಪರೀಕ್ಷೆ ಮಾಡುವುದು, ಕಾಯುವುದು. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಜೂನ್‌ನಲ್ಲಿ ಎರಡಂಗುಲದ 50 ಮರಿಗಳು ಬಂದವು. ಈ ಮೀನಿಗೆ ಕೈ ಸೋಕಿದರೂ ಆಘಾತ. ಚೀಲದ ನೀರಿಗೆ ತೊಟ್ಟಿಯ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಒಂದು ಗಂಟೆ ಕುಳಿತಿದ್ದೆ. ಆದರೂ ಮೊದಲ ವಾರ ಮೂರು ಸತ್ತವು.

ಒಂದು ತಿಂಗಳಲ್ಲೇ ಮರಿಗಳ ಗಾತ್ರ ಏರುಪೇರಾಯಿತು. ಒಂದು ಬೆಳಿಗ್ಗೆ ನೋಡಿದರೆ ದೊಡ್ಡ ಮರಿಯೊಂದರ ಬಾಯಿಂದ ಇನ್ನೊಂದರ ಬಾಲ ಹೊರಗಿದೆ. ಎಣಿಸಿದಾಗ ಐದು ಕಡಿಮೆ. ಅಂದೇ ತೊಟ್ಟಿಗೆ ಪ್ಲಾಸ್ಟಿಕ್ ಬಲೆಯ ಅಡ್ಡಗೋಡೆ ಹಾಕಿ ದೊಡ್ಡವು ಆ ಕಡೆ, ಸಣ್ಣವು ಈ ಕಡೆ ಮಾಡಿದೆ. ದಿನಕ್ಕೆ ಎರಡರ ಬದಲು ನಾಲ್ಕು ಸಲ, ಸ್ವಲ್ಪ ಸ್ವಲ್ಪವೇ ಆಹಾರ ಕೊಟ್ಟೆ. ಆಮೇಲೆ ಒಂದೂ ಕಾಣೆಯಾಗಲಿಲ್ಲ.

ನನಗೆ ಹೆಚ್ಚು ಕಲಿಸಿದ್ದು ನೀರು. ರಾಲಿಯ ನಲ್ಲಿ ನೀರು ಬಹಳ ಮೆದು, ಅದರಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಬಾಸ್‌ಗೆ ಬೇಕಾದದ್ದು ಗಡಸು ನೀರು; ಲೀಟರಿಗೆ 100 ಮಿಲಿಗ್ರಾಂ ಮೇಲೆ ಗಡಸುತನ, ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ನೀರು ಹುಳಿ) 7ಕ್ಕಿಂತ ಮೇಲೆ. ಅಕ್ವಾಪೋನಿಕ್ಸ್‌ನಲ್ಲಿ ಮಾತ್ರ ಬ್ಯಾಕ್ಟೀರಿಯಾಗಳು ಕೆಲಸ ಮಾಡಿದಷ್ಟೂ ನೀರು ಹುಳಿಯಾಗುತ್ತಾ ಹೋಗುತ್ತದೆ. ಬಹುಪಾಲು ಮಾರ್ಗದರ್ಶಿಗಳು ಗಿಡಕ್ಕೆ ಅನುಕೂಲವೆಂದು ಪಿಎಚ್ 6.5ರ ಬಳಿ ಇರಲಿ ಎನ್ನುತ್ತವೆ. ನಾನೂ ಹಾಗೆಯೇ ಬಿಟ್ಟೆ. ಮೀನುಗಳು ತಳ ಹಿಡಿದು ಮಂಕಾದವು, ಹಾಕಿದ ಕಾಳು ತೇಲುತ್ತಲೇ ಉಳಿಯಿತು.

ಆಗ ಅಮ್ಮ ಉಡುಪಿಯಿಂದ ಬಂದಿದ್ದರು. ನೀರು ಹುಳಿಯಾಗಿದೆ ಎಂದು ಹೇಳಿದ ಕೂಡಲೇ, "ಹುಳಿಯಾದರೆ ಸುಣ್ಣ ಹಾಕು, ತೋಟದ ಮಣ್ಣಿಗೆ ಅಪ್ಪ ಹಾಕುತ್ತಿರಲಿಲ್ಲವೇ, ಚಿಪ್ಪಿನ ಸುಣ್ಣ?" ಎಂದರು. ಕರಾವಳಿಯಲ್ಲಿ ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ನೋಡಿ ಬೆಳೆದವರು ಅವರು. ಅವರು ಹೇಳಿದ್ದು ಸರಿಯೇ ಇತ್ತು. ಸಿಂಪಿ ಚಿಪ್ಪಿನ ಚೂರುಗಳನ್ನು ಬಲೆಚೀಲದಲ್ಲಿ ಕಟ್ಟಿ ಸೈಫನ್‌ನಿಂದ ನೀರು ಬೀಳುವ ಜಾಗದಲ್ಲಿ ನೇತುಹಾಕಿದೆ. ಅದು ನಿಧಾನ. ಬೇಗ ಏರಬೇಕಾದಾಗ ಒಂದು ಚಮಚ ಅರಳಿದ ಸುಣ್ಣವನ್ನು ಬಕೆಟ್ ನೀರಿನಲ್ಲಿ ಕರಗಿಸಿ, ತಿಳಿಯನ್ನು ದಿನವಿಡೀ ಹಂತಹಂತವಾಗಿ ಸುರಿಯುತ್ತೇನೆ. ಒಂದೇ ಸಲ ಸುರಿದರೆ ಪಿಎಚ್ ನೆಗೆಯುತ್ತದೆ, ಆಗ ಅಮೋನಿಯವೇ ವಿಷವಾಗುತ್ತದೆ. ಒಂದು ವಾರ ಸುಣ್ಣ ಹಾಕಿದರೆ ಮುಂದಿನ ವಾರ ಪೊಟ್ಯಾಸಿಯಂ ಬೈಕಾರ್ಬನೇಟ್, ಅದರ ಪೊಟ್ಯಾಸಿಯಂ ಗಿಡಕ್ಕೂ ಬೇಕು. ಪಿಎಚ್ 7.2ಕ್ಕೆ ನಿಂತಿತು, ಮೀನು ಮೇಲೆ ಬಂದು ಕಾಳಿಗೆ ಬಾಯಿ ಹಾಕತೊಡಗಿತು.

ಹೀಗೆ ಮೀನಿಗೆ ತಕ್ಕಂತೆ ನೀರು ಮಾಡಿದ ಮೇಲೆ ಗಿಡಗಳನ್ನು ಆರಿಸಿದೆ. ಸ್ಟ್ರಾಬೆರಿ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯಿತು, ಕಬ್ಬಿಣದ ಕೊರತೆ. ಕೀಲೇಟೆಡ್ ಕಬ್ಬಿಣ (ನೀರಿನಲ್ಲಿ ಕರಗಿಯೇ ಉಳಿದು ಗಿಡಕ್ಕೆ ಸಿಗುವಂಥದ್ದು) ಹಾಕಿದರೂ ಅದು ಚೇತರಿಸಲಿಲ್ಲ. ಬಸಳೆ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಇಂಡಿಯನ್ ಅಂಗಡಿಯಿಂದ ಸಾಂಬಾರಿಗೆ ತಂದ ದಂಟನ್ನು ಅಮ್ಮ ಜಲ್ಲಿಗೆ ಊರಿದ್ದರು. ಜುಲೈ ಕೊನೆಗೆ ಅದು ಬೇಲಿ ದಾಟಿ ಪಕ್ಕದ ಮನೆಗೆ ಇಣುಕುತ್ತಿತ್ತು. ಹರಿವೆಯೂ ಚೆನ್ನಾಗಿ ಬಂತು. ಜಲ್ಲಿ ಕೊಳ್ಳುವಾಗ ಒಂದು ಹಿಡಿಯ ಮೇಲೆ ವಿನೆಗರ್ ಸುರಿದು ನೋಡಿ: ನೊರೆ ಬಂದರೆ ಸುಣ್ಣಕಲ್ಲು. ಬೇರೆ ಮೀನಿನವರು ಅದನ್ನು ಬೇಡವೆನ್ನುತ್ತಾರೆ, ಬಾಸ್‌ಗೆ ಅದು ಸ್ವಲ್ಪ ಇದ್ದರೆ ಒಳ್ಳೆಯದೇ.

ಚಳಿಗಾಲ ಸುಸೂತ್ರವಾಗಿ ಕಳೆಯಿತು. ನೀರು 10 ಡಿಗ್ರಿಗಿಂತ ಕೆಳಗಿಳಿದಾಗ ಆಹಾರ ನಿಲ್ಲಿಸಿದೆ. ರಾತ್ರಿ ಪಾತಿಗೆ ನೀರು ಹೋಗದಂತೆ ಮಾಡಿದೆ, ಏಕೆಂದರೆ ಜಲ್ಲಿಯ ಮೂಲಕವೇ ನೀರು ಬೇಗ ತಣಿಯುತ್ತದೆ. ಎರಡು ಮೀನು ಸತ್ತವು, 40 ಉಳಿದವು.

ಎರಡನೆಯ ಜುಲೈ. ಒಂದೊಂದು ಮೀನೂ ಸುಮಾರು 350 ಗ್ರಾಂ ಇತ್ತು. ಸಂಜೆ ಗುಡುಗು ಮಳೆ, ವಿದ್ಯುತ್ ಹೋಯಿತು. ಮಗಳನ್ನು ನೃತ್ಯದ ತರಗತಿಯಿಂದ ಕರೆತರಲು ಹೋಗಿದ್ದ ನಾವು ಒಂದೂವರೆ ಗಂಟೆ ತಡವಾಗಿ ಮನೆ ಸೇರಿದೆವು. ತೊಟ್ಟಿ ಮೌನವಾಗಿತ್ತು. ಟಾರ್ಚ್ ಹಿಡಿದರೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ, ಕಿವಿರುಗಳು ಅಗಲವಾಗಿ ಅರಳಿವೆ. ಕೆಲವು ಆಗಲೇ ಮಗ್ಗುಲಾಗಿದ್ದವು. ಮಡದಿ ಬಕೆಟ್‌ನಲ್ಲಿ, ನಾನು ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿದೆವು, ಮತ್ತೆ ಮೊಗೆದು ಸುರಿದೆವು. ಮಗಳು ಟಾರ್ಚ್ ಹಿಡಿದು, ಯಾವುದು ಇನ್ನೂ ಉಸಿರಾಡುತ್ತಿದೆ ಎಂದು ಹೇಳುತ್ತಿದ್ದಳು. ನಲವತ್ತು ನಿಮಿಷದ ಮೇಲೆ ವಿದ್ಯುತ್ ಬಂತು. ಬೆಳಿಗ್ಗೆ 14 ಮೀನುಗಳನ್ನು ಹೂತೆ.

ಆಮೇಲೆ ಕುಳಿತು ಲೆಕ್ಕ ಹಾಕಿದೆ. 29 ಡಿಗ್ರಿ ಬಿಸಿಯ ನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಎಂದರೆ ನನ್ನ ಇಡೀ ತೊಟ್ಟಿಯಲ್ಲಿ ಇದ್ದದ್ದು ಎಂಟು ಗ್ರಾಂ. 14 ಕಿಲೋ ಮೀನು ಆ ಎಂಟು ಗ್ರಾಮನ್ನು ಹಂಚಿಕೊಂಡು ಉಸಿರಾಡುತ್ತಿತ್ತು. ಬಾಸ್‌ಗೆ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾಗದಿರುವುದು ಒಳ್ಳೆಯದು, ಹಾಗಾಗಿ ನಿಜಕ್ಕೂ ಕೈಯಲ್ಲಿದ್ದದ್ದು ಇನ್ನೂ ಕಡಿಮೆ. ಈ ಲೆಕ್ಕವನ್ನು ಮೊದಲ ದಿನವೇ ಹಾಕಬೇಕಿತ್ತು. ಮೀನು ಬಿಡುವ ಮುನ್ನ ನೀವು ಹಾಕಿ.

ಅದೇ ವಾರ 12 ವೋಲ್ಟ್‌ನ ಏರ್ ಪಂಪು, ಬಹಳ ಹೊತ್ತು ವಿದ್ಯುತ್ ಕೊಡುವ ಡೀಪ್ ಸೈಕಲ್ ಬ್ಯಾಟರಿ, ವಿದ್ಯುತ್ ಹೋದ ಕೂಡಲೇ ತಾನೇ ಚಾಲೂ ಆಗುವ ರಿಲೇ ಸ್ವಿಚ್ಚು, ಮೂರನ್ನೂ ತಂದು ಕೂರಿಸಿದೆ. ನೀರೆತ್ತುವ ಪಂಪಿಗೂ ಗಾಳಿಯ ಪಂಪಿಗೂ ಬೇರೆ ಬೇರೆ ಸರ್ಕ್ಯೂಟ್ ಮಾಡಿಸಿದೆ. ತೊಟ್ಟಿಯ ಮೇಲೆ ನೆರಳಿನ ಬಟ್ಟೆ ಕಟ್ಟಿದೆ. ಕಡು ಸೆಕೆಯ ಸಂಜೆ ಆಹಾರ ಕೊಡುವುದಿಲ್ಲ, ತಿಂದ ಮೀನು ಹೆಚ್ಚು ಉಸಿರು ಬಯಸುತ್ತದೆ. ಆಗಸ್ಟ್‌ನಲ್ಲಿ ಮತ್ತೆ ಮೂರು ಗಂಟೆ ವಿದ್ಯುತ್ ಇರಲಿಲ್ಲ. ಹಿತ್ತಲಿಗೆ ಓಡಿದಾಗ ಕತ್ತಲಲ್ಲಿ ಗುಳುಗುಳು ಸದ್ದು ಕೇಳುತ್ತಿತ್ತು. ಒಂದೂ ಸಾಯಲಿಲ್ಲ.

ಅಕ್ಟೋಬರ್‌ನಲ್ಲಿ 26 ಮೀನು ಹಿಡಿದೆವು, ಸರಾಸರಿ 600 ಗ್ರಾಂ. ಹಿಡಿಯುವ ಮೂರು ದಿನ ಮೊದಲು ಆಹಾರ ನಿಲ್ಲಿಸಿ ಬೇರೆ ಶುದ್ಧ ನೀರಿನಲ್ಲಿ ಬಿಟ್ಟಿದ್ದೆ, ಇಲ್ಲವಾದರೆ ಮಾಂಸಕ್ಕೆ ಮಣ್ಣಿನ ವಾಸನೆ ಹಿಡಿಯುತ್ತದೆ. ಬೆನ್ನಿನ ಮುಳ್ಳೂ ಕಿವಿರಿನ ಮುಚ್ಚಳದ ಅಂಚೂ ಬ್ಲೇಡಿನಂತೆ, ದಪ್ಪ ಕೈಗವಸು ಬೇಕೇ ಬೇಕು. ಬಿಳಿಯ, ಗಟ್ಟಿ ಮಾಂಸ. ಅರ್ಧವನ್ನು ಕೆಂಪು ಮಸಾಲೆ ಸವರಿ ಕಾವಲಿಯಲ್ಲಿ ಹುರಿದೆವು, ಅರ್ಧಕ್ಕೆ ಹುಣಸೆಹುಳಿ ಹಿಂಡಿ ಪುಳಿಮುಂಚಿ. ವಿಡಿಯೊ ಕರೆಯಲ್ಲಿ ಅಮ್ಮ ತಟ್ಟೆಯನ್ನು ನೋಡಿ, ಮೊದಲು ಕೇಳಿದ್ದು ಬಸಳೆ ಇನ್ನೂ ಇದೆಯೇ ಎಂದು. ಇಬ್ಬನಿ ಹೆಪ್ಪುಗಟ್ಟುವ ಮೊದಲೇ ಕಡ್ಡಿ ಕತ್ತರಿಸಿ ಒಳಗೆ ಕುಂಡದಲ್ಲಿ ಊರಿದ್ದೇನೆ ಎಂದೆ. ಈ ಜೂನ್‌ಗೆ 35 ಮರಿಗಳಿಗಷ್ಟೇ ಹೇಳಿದ್ದೇನೆ.