ಹಾಟ್‌ಸ್ಪಾಟ್‌ಗೆ ಬೇರೆ ದುಡ್ಡು ಕೇಳ್ತಿದ್ದಾರಾ? ಕೊಡೋ ಮುಂಚೆ ಲೆಕ್ಕ ಹಾಕಿ

ಮೊದಲು ನಿಮ್ಮ ಪ್ಲಾನ್ ಯಾವ ತರಹದ್ದು ಅಂತ ನೋಡಿ. ತಿಂಗಳಿಗೆ 20 ಜಿಬಿ ಅಂತ ಲೆಕ್ಕ ಮಾಡಿ ಕೊಟ್ಟಿದ್ದರೆ, ಹಾಟ್‌ಸ್ಪಾಟ್‌ಗೆ, ಅಂದರೆ ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೋ ಟಿವಿಗೋ ಹಂಚೋದಕ್ಕೆ, ಮೊಬೈಲ್ ಕಂಪನಿ ಮತ್ತೆ ದುಡ್ಡು ಕೇಳೋದು ನ್ಯಾಯವೇ ಅಲ್ಲ. ಕೊಡ ನೀರು ಮಾರಿದ ಮೇಲೆ ಯಾವ ಲೋಟದಲ್ಲಿ ಕುಡೀತೀರಿ ಅಂತ ಕೇಳಿದ ಹಾಗೆ, ಅಲ್ವಾ?

ಅನ್‌ಲಿಮಿಟೆಡ್ ಪ್ಲಾನ್ ಕಥೆ ಬೇರೆ. ಒಬ್ಬರು ಫೋನಿನಲ್ಲಿ ಎಷ್ಟು ಬಳಸಬಹುದು ಅನ್ನೋ ಅಂದಾಜಿನ ಮೇಲೆ ಅದರ ರೇಟು ನಿಂತಿರುತ್ತದೆ, ಅದಕ್ಕೆ ಟಿವಿ, ಲ್ಯಾಪ್‌ಟಾಪ್ ಎಲ್ಲ ಸೇರಿಸಿದರೆ ಅದೇ ಟವರಿನ ಬೇರೆಯವರ ಸ್ಪೀಡೂ ಬೀಳುತ್ತದೆ. ಅಲ್ಲಿ ಹಾಟ್‌ಸ್ಪಾಟ್‌ಗೆ ಮಿತಿ ಇಟ್ಟರೆ ನಾನು ಜಗಳ ಆಡಲ್ಲ. ಆ ಮಿತಿಯನ್ನು ಸಣ್ಣ ಅಕ್ಷರದಲ್ಲಿ ಮುಚ್ಚಿಟ್ಟರೆ ಆಡ್ತೀನಿ. ಅಮೆರಿಕದಲ್ಲಿ ಟೆದರಿಂಗ್ ಆ್ಯಪ್‌ಗಳನ್ನು (ಫೋನಿನ ನೆಟ್ ಬೇರೆ ಸಾಧನಕ್ಕೆ ಹಂಚೋ ಆ್ಯಪ್‌ಗಳು) ತಡೆದ ವಿಚಾರಕ್ಕೆ 2012ರಲ್ಲಿ ವೆರಿಝಾನ್ ಅನ್ನೋ ಮೊಬೈಲ್ ಕಂಪನಿ 12.5 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಾಗಲೂ ಹೀಗೇ ಆಯಿತು: ಜಿಬಿ ಲೆಕ್ಕದ ಪ್ಲಾನಿನವರು ಬೇರೆ ಫೀ ಇಲ್ಲದೆ ಆ್ಯಪ್ ಬಳಸಬಹುದಾಯಿತು, ಹಳೇ ಅನ್‌ಲಿಮಿಟೆಡ್‌ನವರಿಗೆ ಆ ಭಾಗ್ಯ ಸಿಗಲಿಲ್ಲ.

ಆಮೇಲೆ ನಿಮಗೆ ನಿಜಕ್ಕೂ ಎಷ್ಟು ಬೇಕು ಅಂತ ಅಳೆಯಿರಿ. ಆಂಡ್ರಾಯ್ಡ್‌ನ ಡೇಟಾ ಯೂಸೇಜ್ ಪಟ್ಟಿಯಲ್ಲಿ, ಐಫೋನಿನ ಮೊಬೈಲ್ ಡೇಟಾ ಪುಟದಲ್ಲಿ ಹಾಟ್‌ಸ್ಪಾಟ್ ಎಷ್ಟು ತಿಂದಿದೆ ಅಂತ ಬೇರೆಯಾಗೇ ಬರುತ್ತದೆ. ಮೇಲ್ ನೋಡೋಕೆ ಏನೂ ಹೋಗಲ್ಲ, ಒಂದು ಗಂಟೆ ಎಚ್‌ಡಿ ವಿಡಿಯೋಗೆ ಸುಮಾರು 3 ಜಿಬಿ ಹೋಗುತ್ತದೆ. ನನ್ನ ಲ್ಯಾಪ್‌ಟಾಪ್ ಒಂದು ಸಲ ಹಾಟ್‌ಸ್ಪಾಟನ್ನು ಮನೆಯ ವೈಫೈ ಅಂದುಕೊಂಡು, ನಾನು ಕಾಫಿ ಮಾಡಿಕೊಂಡು ಬರೋಷ್ಟರಲ್ಲಿ ಇಡೀ ಅಪ್‌ಡೇಟ್ ಇಳಿಸಿಕೊಂಡು ಕೂತಿತ್ತು. ಅವತ್ತಿಂದ ವಿಂಡೋಸ್‌ನ ವೈಫೈ ಸೆಟ್ಟಿಂಗ್‌ನಲ್ಲಿ ಆ ಹಾಟ್‌ಸ್ಪಾಟ್ ಹೆಸರಿನ ಮುಂದೆ 'ಮೀಟರ್ಡ್ ಕನೆಕ್ಷನ್' (ಡೇಟಾ ಲೆಕ್ಕವಿಟ್ಟು ಬಳಸಬೇಕು ಅನ್ನೋ ಗುರುತು) ಆನ್ ಮಾಡಿಟ್ಟಿದ್ದೀನಿ. ನೀವೂ ಮಾಡಿ. ಫೋಟೋ ಬ್ಯಾಕಪ್ಪನ್ನೂ ನಿಲ್ಲಿಸಿ.

ದುಡ್ಡು ಕೊಡದೆ ಸುಮ್ನೆ ಹಾಟ್‌ಸ್ಪಾಟ್ ಬಳಸಿದರೆ ಕಂಪನಿಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳೋರಿದ್ದಾರೆ. ಗೊತ್ತಾಗುತ್ತದೆ. ಡೇಟಾ ಪ್ಯಾಕೆಟ್ ಅನ್ನೋ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ, ಪ್ರತಿ ಪ್ಯಾಕೆಟ್ ಮೇಲೂ ಟಿಟಿಎಲ್ ಅಂತ ಒಂದು ಸಂಖ್ಯೆ ಇರುತ್ತದೆ. ಫೋನಿನಿಂದ ಹೊರಟಿದ್ದು ಸಾಮಾನ್ಯವಾಗಿ 64, ವಿಂಡೋಸ್‌ನದ್ದು 128, ಅದು ನಿಮ್ಮ ಫೋನ್ ದಾಟುವಾಗ ಒಂದು ಕಮ್ಮಿಯಾಗಿ 127 ಆಗುತ್ತದೆ. 127 ಕಂಡರೆ ಹಿಂದೆ ಲ್ಯಾಪ್‌ಟಾಪ್ ಇದೆ ಅಂತ ಅರ್ಥ. ಇದನ್ನು ತಿದ್ದೋ ಉಪಾಯಗಳೂ ಇವೆ, ಆದರೆ ಷರತ್ತಿನಲ್ಲಿ ಬೇಡ ಅಂತ ಬರೆದಿದ್ದರೆ ಲೈನ್ ಕಟ್ ಆದಾಗ ವಾದ ಮಾಡೋಕೆ ಬಾಯಿ ಇರಲ್ಲ.

ಕೊನೆಗೆ ಹಾಟ್‌ಸ್ಪಾಟ್‌ಗೆ ಬೇರೆಯಾಗಿ ಕೇಳೋ ಆ್ಯಡ್-ಆನ್ ರೇಟನ್ನು ಒಂದು ಮೇಲಿನ ಪ್ಲಾನಿನ ಜತೆ ಹೋಲಿಸಿ, ಎಷ್ಟೋ ಸಲ ದೊಡ್ಡ ಪ್ಲಾನೇ ಅಗ್ಗ ಬೀಳುತ್ತದೆ. ವರ್ಷಕ್ಕೆರಡು ಸಲ ಪ್ರಯಾಣದಲ್ಲಿ ಮಾತ್ರ ಬೇಕಿದ್ದರೆ ಆ ತಿಂಗಳಿಗಷ್ಟೇ ಹಾಕಿಸಿ, ತಾನಾಗೇ ರಿನ್ಯೂ ಆಗೋದನ್ನು ಅವತ್ತೇ ಆಫ್ ಮಾಡಿ.